ರಜೆ ಎಂಬುದು ನಮ್ಮ ಖಾತೆಯ ಬಾಕಿ

(ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರ ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ)



ನಮಗೆ ಕೊಟ್ಟ ವಿಷಯ "ಹೊಸ ಕೆಲಸಕ್ಕೆ ಹೊಂದಿಕೊಳ್ಳುವುದು ಹೇಗೆ" ಅಂತ. ನಾವು ಅಕೌಂಟೆಂಟ್. ಮಂಗಳೂರಿನಲ್ಲಿ ಬಿ.ಕಾಂ. ಓದಿ, ಈಗ ಇಲ್ಲಿ ಕಂಪನಿಯ ಲೆಕ್ಕ ಬರೆಯುವವರು. ಆಫೀಸಿನಲ್ಲಿ ಹೇಗೆ ಕೂರಬೇಕು, ಹೇಗೆ ನಗಬೇಕು ಎಂದು ಹೇಳಿಕೊಡುವವರು ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಉಂಟು. ನಮಗೆ ಗೊತ್ತಿರುವುದು ಲೆಕ್ಕ. ಆದ್ದರಿಂದ ಹೊಸಬರು ಎಲ್ಲಕ್ಕಿಂತ ಕಡಿಮೆ ಗಮನ ಕೊಡುವ ಒಂದು ಲೆಕ್ಕದ ಬಗ್ಗೆ ಮಾತ್ರ ಮಾತಾಡುವ ಅಂತ ಬಂದಿದ್ದೇವೆ. ಅದು ರಜೆಯ ಲೆಕ್ಕ.

ನಮ್ಮ ಊರಿನಲ್ಲಿ ರಜೆ ಎಂಬ ಮಾತಿಗೆ ಬೇರೆಯೇ ಒಂದು ಅರ್ಥ ಉಂಟು. "ಅವರು ರಜೆಯಲ್ಲಿ ಬಂದಿದ್ದಾರೆ" ಅಂದರೆ ಗಲ್ಫಿನಿಂದ ಬಂದಿದ್ದಾರೆ ಅಂತ. ಬಂಟ್ವಾಳದಲ್ಲಿ, ಉಳ್ಳಾಲದಲ್ಲಿ, ವಿಟ್ಲದಲ್ಲಿ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು. ಆ ಎರಡು ತಿಂಗಳಲ್ಲಿ ಹೆಣ್ಣು ನೋಡಬೇಕು, ಮದುವೆ ಆಗಬೇಕು, ಮನೆಗೆ ಸ್ಲ್ಯಾಬ್ ಹಾಕಿಸಬೇಕು, ತಂಗಿಯ ನಿಶ್ಚಿತಾರ್ಥ ಮುಗಿಸಬೇಕು, ಎಲ್ಲ ಸಂಬಂಧಿಕರ ಮನೆಗೂ ಹೋಗಿ ಬರಬೇಕು. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಶುರುವಾಗುವ ಮೊದಲು ಮುಂಬಯಿ, ಕಲ್ಲಿಕೋಟೆ ಸುತ್ತಿ ಬರುವುದರಲ್ಲೇ ಒಂದಷ್ಟು ದಿನ ಹೋಗುತ್ತಿತ್ತು. ಅಂಥ ರಜೆಯಲ್ಲಿ ವಿಶ್ರಾಂತಿ ಎಂಬ ಕಾಲಂ ಇರಲೇ ಇಲ್ಲ. ರಜೆಯೆಂದರೆ ಯಜಮಾನ ದಯೆಯಿಂದ ಕೊಡುವುದು, ಕೇಳಿ ಪಡೆಯಬೇಕಾದದ್ದು ಎಂಬ ಭಾವನೆ ನಮ್ಮೊಳಗೆ ಹೊಕ್ಕದ್ದು ಅಲ್ಲಿಂದ.

ಅದಕ್ಕೂ ಮೊದಲಿನ ಒಂದು ಲೆಕ್ಕ ನಮ್ಮ ಮನೆಗಳಲ್ಲೇ ಇತ್ತು, ಯಾರೂ ಗಮನಿಸುವುದಿಲ್ಲ. ನಮ್ಮಲ್ಲಿ ಎಷ್ಟು ಜನರ ಉಮ್ಮ, ಉಮ್ಮುಮ್ಮ ಬೀಡಿ ಕಟ್ಟಿದವರು! ಸೂಪು ಮಡಿಲಲ್ಲಿಟ್ಟುಕೊಂಡು ಸಾವಿರ ಬೀಡಿಗೆ ಇಷ್ಟು ಎಂದು ಸಂಪಾದಿಸಿದವರು. 1966ರಲ್ಲಿ ಬಂದ ಬೀಡಿ ಕಾರ್ಮಿಕರ ಕಾಯಿದೆಯಲ್ಲಿ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದಂತೆ ಸಂಬಳ ಸಹಿತ ರಜೆ ಎಂದು ಬರೆದಿತ್ತು. ಮನೆಯಲ್ಲಿ ಕೂತು ಕಟ್ಟುವವರಿಗೆ ರಜೆ ಎಂತದ್ದು ಅಂತ ಅನಿಸಬಹುದು. ಆದರೆ ವರ್ಷದ ಕೊನೆಯಲ್ಲಿ ಬೋನಸ್ಸಿನ ಜೊತೆ ರಜೆಯ ಸಂಬಳ ಎಂದು ಒಂದು ಮೊತ್ತ ಬರುತ್ತಿತ್ತು, ಅದನ್ನು ಅವರು ಬಿಡದೆ ಕೇಳಿ ಪಡೆಯುತ್ತಿದ್ದರು. ಅದು ತಮ್ಮ ದುಡಿಮೆಯದ್ದೇ ಒಂದು ಭಾಗ ಎಂದು ಅವರಿಗೆ ಗೊತ್ತಿತ್ತು. ಕಂಪ್ಯೂಟರ್ ಸೈನ್ಸ್ ಓದಿ ಬಂದ ನಮ್ಮ ಮಕ್ಕಳಿಗೆ ಅಷ್ಟು ಗೊತ್ತಿಲ್ಲ ಎಂಬುದು ನಮ್ಮ ದೂರು.

ಇಲ್ಲಿ ಸಾಂತಾ ಕ್ಲಾರಾದಲ್ಲಿ, ಸನಿವೇಲ್‌ನಲ್ಲಿ, ಫ್ರೀಮಾಂಟಿನಲ್ಲಿ ಹೊಸದಾಗಿ ಸೇರಿದ ಹುಡುಗರನ್ನು ಕೇಳಿ ನೋಡಿ. "ರಜೆ ಎಷ್ಟು ಉಂಟು?" ಅಂದರೆ "ಉಂಟು ಕಾಕಾ, ನೋಡಿಲ್ಲ" ಅನ್ನುತ್ತಾರೆ. ಸಂಬಳ ಕೇಳಿದರೆ ಡಾಲರಿನ ಕೊನೆಯ ಅಂಕಿಯವರೆಗೆ ಗೊತ್ತು. ಷೇರು ಎಷ್ಟು, ಯಾವ ತಿಂಗಳು ಕೈಗೆ ಬರುತ್ತದೆ, ಅದೂ ಗೊತ್ತು. ರಜೆ ಮಾತ್ರ ಗೊತ್ತಿಲ್ಲ. ಸ್ವಲ್ಪ ಬಿಡಿಸಿ ಕೇಳಿದರೆ ನಿಜವಾದ ಕಾರಣ ಹೊರಗೆ ಬರುತ್ತದೆ: ಹೆದರಿಕೆ. ವೀಸಾ ಕಂಪನಿಯ ಹೆಸರಲ್ಲಿ ಉಂಟು. ಕೆಲಸ ಹೋದರೆ ಎಚ್-1ಬಿ ಇದ್ದವರಿಗೆ ಸಾಮಾನ್ಯವಾಗಿ ಹೆಚ್ಚೆಂದರೆ 60 ದಿನ, ಅಷ್ಟರಲ್ಲಿ ಬೇರೆ ದಾರಿ ನೋಡಬೇಕು. ಓದು ಮುಗಿಸಿ ಒಪಿಟಿಯಲ್ಲಿ ಇರುವವರಿಗೆ ಕೆಲಸವಿಲ್ಲದ ದಿನಗಳನ್ನು ಎಣಿಸುತ್ತಾರೆ. ಹೀಗಿರುವಾಗ ರಜೆ ಕೇಳಿ ಯಾಕೆ ಮ್ಯಾನೇಜರ ಕಣ್ಣಿಗೆ ಬೀಳಬೇಕು ಎಂದು ಅವರ ಲೆಕ್ಕ. ಈ ಹೆದರಿಕೆ ಸುಳ್ಳು ಎಂದು ನಾವು ಹೇಳುವುದಿಲ್ಲ. ಆದರೆ ಅದರ ಎದುರಿಗೆ ಇನ್ನೊಂದು ಪುಟ ಉಂಟು, ಅದನ್ನೂ ಓದಿ ಎನ್ನುತ್ತೇವೆ.

ಆ ಪುಟ ಕಂಪನಿಯ ಬ್ಯಾಲೆನ್ಸ್ ಶೀಟ್. ಒಂದು ಬದಿಯಲ್ಲಿ ಆಸ್ತಿ, ಇನ್ನೊಂದು ಬದಿಯಲ್ಲಿ ಸಾಲ. ಬ್ಯಾಂಕಿಗೆ ಕೊಡಬೇಕಾದದ್ದು, ಸಾಮಾನು ಕೊಟ್ಟವರಿಗೆ ಕೊಡಬೇಕಾದದ್ದು ಎಲ್ಲ ಸಾಲದ ಬದಿಯಲ್ಲಿ ಇರುತ್ತದೆ. ಅಲ್ಲೇ ಇನ್ನೊಂದು ಸಾಲು ಉಂಟು: ನೌಕರರು ದುಡಿದು ಗಳಿಸಿ ಇನ್ನೂ ತೆಗೆದುಕೊಳ್ಳದ ರಜೆ. ಅಮೆರಿಕದ ಲೆಕ್ಕಪತ್ರ ನಿಯಮ 1980ರಲ್ಲೇ ಇದನ್ನು ಹೇಳಿದೆ. ನೀವು ದುಡಿದಂತೆ ಬೆಳೆಯುವ, ಮುಂದೆ ಕೊಡಲೇಬೇಕಾದ ರಜೆಯ ಬೆಲೆಯನ್ನು ಕಂಪನಿ ಸಾಲ ಎಂದೇ ತೋರಿಸಬೇಕು. ನಾವು ಪ್ರತಿ ತಿಂಗಳ ಕೊನೆಗೆ ಕೂತು ಅದನ್ನು ಬರೆಯುತ್ತೇವೆ. ಅಂದರೆ ಮಕ್ಕಳೇ, ಸಾಲಗಾರ ಕಂಪನಿ, ಸಾಲ ಕೊಟ್ಟವರು ನೀವು. ನೀವು ಮಾತ್ರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದೀರಿ.

ಒಂದು ಸಣ್ಣ ಲೆಕ್ಕ ಮಾಡುವ. ವರ್ಷಕ್ಕೆ 15 ದಿನ ರಜೆ ಎಂದು ಇಟ್ಟುಕೊಳ್ಳಿ. ದಿನಕ್ಕೆ 8 ಗಂಟೆಯಂತೆ 120 ಗಂಟೆ. ಎರಡು ವಾರಕ್ಕೊಮ್ಮೆ ಸಂಬಳ ಬಂದರೆ ವರ್ಷಕ್ಕೆ 26 ಸಲ. ಪ್ರತಿ ಸಂಬಳದ ಜೊತೆ ನಿಮ್ಮ ಖಾತೆಗೆ 4.62 ಗಂಟೆ ಜಮೆ ಆಗುತ್ತದೆ. ಗಂಟೆಗೆ 40 ಡಾಲರ್ ಸಂಬಳ ಇದ್ದರೆ ಆ 120 ಗಂಟೆಯ ಬೆಲೆ 4,800 ಡಾಲರ್. ಇದು ನಿಮ್ಮ ಸಂಬಳದ ಚೀಟಿಯಲ್ಲಿ, ತೆರಿಗೆ ಕಡಿತದ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಚೀಟಿಯಲ್ಲಿ ಇಲ್ಲದಿದ್ದರೆ ಕಂಪನಿಯ ಆ್ಯಪಿನಲ್ಲಿ ಇರುತ್ತದೆ. ಇವತ್ತು ರಾತ್ರಿ ಮನೆಗೆ ಹೋಗಿ ಅದನ್ನು ಒಮ್ಮೆ ತೆರೆದು ನೋಡಿ.

ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಸಂಬಳ ಸಹಿತ ವಾರ್ಷಿಕ ರಜೆಯ ಕಾನೂನೇ ಇಲ್ಲ. ಇದನ್ನು ಕೇಳಿದರೆ ಗಲ್ಫಿನಲ್ಲಿರುವ ನಮ್ಮವರಿಗೆ ಆಶ್ಚರ್ಯ ಆಗಬಹುದು. ಕ್ಯಾಲಿಫೋರ್ನಿಯಾದಲ್ಲೂ ಖಾಸಗಿ ಕಂಪನಿ ವಾರ್ಷಿಕ ರಜೆ ಕೊಡಲೇಬೇಕೆಂದು ಇಲ್ಲ. ಆದರೆ ಕೊಡುತ್ತೇವೆ ಎಂದು ಒಮ್ಮೆ ಒಪ್ಪಿದರೆ, ದುಡಿದು ಗಳಿಸಿದ ರಜೆ ಸಂಬಳಕ್ಕೆ ಸಮ. 1982ರಲ್ಲಿ ಈ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. "ಡಿಸೆಂಬರ್ 31ರೊಳಗೆ ತೆಗೆದುಕೊಳ್ಳದಿದ್ದರೆ ನಿನ್ನ ರಜೆ ಹೋಯಿತು" ಎಂದು ಇಲ್ಲಿ ಹೇಳುವ ಹಾಗಿಲ್ಲ. ಕೆಲಸ ಬಿಟ್ಟರೆ ಅಥವಾ ತೆಗೆದರೆ, ಉಳಿದ ರಜೆಯನ್ನು ಕೊನೆಯ ಸಂಬಳದ ಜೊತೆ ಹಣವಾಗಿ ಕೊಡಬೇಕು. ಕೆಲಸದಿಂದ ತೆಗೆದರೆ ಅದೇ ದಿನ. ಬೇಕೆಂದೇ ತಡ ಮಾಡಿದರೆ ತಡವಾದ ಪ್ರತಿ ದಿನಕ್ಕೆ ಒಂದು ದಿನದ ಸಂಬಳ, 30 ದಿನದವರೆಗೆ, ದಂಡ. ಈ ನಿಯಮಕ್ಕೆ ನಿಮ್ಮ ವೀಸಾದ ಬಣ್ಣ ಲೆಕ್ಕಕ್ಕಿಲ್ಲ.

ಎರಡು ಕಡೆ ಮಾತ್ರ ಹುಷಾರಾಗಿರಬೇಕು. ಒಂದು, ಮಿತಿ. ರಜೆ ರದ್ದು ಮಾಡುವಂತಿಲ್ಲ, ಆದರೆ ಇಷ್ಟಕ್ಕಿಂತ ಹೆಚ್ಚು ಕೂಡಿಸುವಂತಿಲ್ಲ ಎಂದು ಮಿತಿ ಹಾಕಬಹುದು. 180 ಗಂಟೆ ಮಿತಿ ಎಂದಿದ್ದರೆ, ಅಲ್ಲಿಗೆ ಮುಟ್ಟಿದ ದಿನ ನಿಮ್ಮ ಮೀಟರ್ ನಿಲ್ಲುತ್ತದೆ. ಮುಂದೆ ದುಡಿದದ್ದಕ್ಕೆ ರಜೆ ಜಮೆ ಆಗುವುದೇ ಇಲ್ಲ. ಊರಿಗೆ ಹೋಗುವಾಗ ಒಟ್ಟಿಗೆ ತೆಗೆದುಕೊಳ್ಳುವ ಎಂದು ಕೂಡಿಸಿ ಇಡುವವರು ನಮ್ಮವರೇ ಹೆಚ್ಚು, ಈ ಮಿತಿಗೆ ತಲೆ ತಾಗಿಸಿಕೊಳ್ಳುವವರೂ ನಾವೇ ಹೆಚ್ಚು.

ಇನ್ನೊಂದು, ಈಗ ಇಲ್ಲಿನ ಟೆಕ್ ಕಂಪನಿಗಳಲ್ಲಿ ಬಂದಿರುವ "ಅನ್‌ಲಿಮಿಟೆಡ್" ರಜೆ. ಎಷ್ಟು ಬೇಕಾದರೂ ತೆಗೆದುಕೊಳ್ಳಿ, ಎಣಿಕೆ ಇಲ್ಲ ಅನ್ನುತ್ತಾರೆ. ಹೊಸಬರಿಗೆ ಖುಷಿಯೋ ಖುಷಿ. ನಾವು ಲೆಕ್ಕದವರು ಅದನ್ನು ಬೇರೆ ಕಣ್ಣಿನಿಂದ ನೋಡುತ್ತೇವೆ. ಎಣಿಕೆ ಇಲ್ಲದ್ದು ಸಾಮಾನ್ಯವಾಗಿ ಜಮೆ ಆಗುವುದಿಲ್ಲ, ಜಮೆ ಆಗದ್ದು ಸಾಲದ ಬದಿಯಲ್ಲಿ ಬರುವುದಿಲ್ಲ, ಕೆಲಸ ಬಿಡುವಾಗ ಕೊಡಬೇಕಾದದ್ದೂ ಬಹುತೇಕ ಏನೂ ಇರುವುದಿಲ್ಲ. ಕೆಟ್ಟದ್ದು ಎನ್ನುತ್ತಿಲ್ಲ. ಆದರೆ ಅಂಥ ಕಂಪನಿಯಲ್ಲಿ ನಿಮ್ಮ ರಜೆಯ ಪುಸ್ತಕ ನೀವೇ ಬರೆಯಬೇಕು. ವರ್ಷಕ್ಕೆ 15 ದಿನ, 20 ದಿನ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ಜನವರಿಯಲ್ಲೇ ಕ್ಯಾಲೆಂಡರಿನಲ್ಲಿ ಹಾಕಿ. ಇಲ್ಲದಿದ್ದರೆ ಡಿಸೆಂಬರ್ ಬರುವಾಗ ನೀವು ತೆಗೆದುಕೊಂಡದ್ದು ನಾಲ್ಕೇ ದಿನ ಆಗಿರುತ್ತದೆ.

ಇಲ್ಲಿ ಎಲ್ಲರೂ ಸಾಫ್ಟ್‌ವೇರಿನವರಲ್ಲ ಎಂಬುದೂ ನಮಗೆ ಗೊತ್ತುಂಟು. ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಹೋಟೆಲಿನಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವವರು ಇದ್ದೀರಿ. ನಿಮಗೆ ಹೇಳುವುದು: ಈ ರಾಜ್ಯದಲ್ಲಿ ದಿನಕ್ಕೆ 8 ಗಂಟೆ ದಾಟಿದರೆ ಒಂದೂವರೆ ಪಟ್ಟು, 12 ದಾಟಿದರೆ ಎರಡು ಪಟ್ಟು ಸಂಬಳ. ಐದು ಗಂಟೆಗಿಂತ ಹೆಚ್ಚು ಕೆಲಸ ಇದ್ದರೆ ಅರ್ಧ ಗಂಟೆ ಊಟದ ಬಿಡುವು. ಇನ್ನು ಕಾಯಿಲೆಯ ರಜೆ. ಅದನ್ನು ಕಂಪನಿ ಕೊಡಲೇಬೇಕು. ಇದರ ದಾರಿ ತೆರೆದದ್ದು ನಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊ ನಗರ. 2006ರ ನವೆಂಬರಿನಲ್ಲಿ ಅಲ್ಲಿನ ಮತದಾರರು ವೋಟು ಹಾಕಿ, ನೌಕರರಿಗೆ ಸಂಬಳ ಸಹಿತ ಕಾಯಿಲೆ ರಜೆ ಕಡ್ಡಾಯ ಮಾಡಿದರು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. 2015ರಲ್ಲಿ ಇಡೀ ಕ್ಯಾಲಿಫೋರ್ನಿಯಾಕ್ಕೆ ವರ್ಷಕ್ಕೆ ಮೂರು ದಿನ ಬಂತು, 2024ರ ಜನವರಿಯಿಂದ ಐದು ದಿನ ಅಥವಾ 40 ಗಂಟೆ. ಪಾರ್ಟ್ ಟೈಮಿನವರಿಗೂ ಉಂಟು. ಹೊಸಬರು ಸೇರಿದ 90ನೇ ದಿನದಿಂದ ಅದನ್ನು ಉಪಯೋಗಿಸಬಹುದು. ನಿಮಗೆ ಜ್ವರ ಬಂದರೂ ಸರಿ, ಮನೆಯಲ್ಲಿ ಮಗುವಿಗೋ ಹೆಂಡತಿಗೋ ತಂದೆ ತಾಯಿಗೋ ಬಂದರೂ ಸರಿ.

ಇದು ಯಾವುದೂ ಆಕಾಶದಿಂದ ಬಿದ್ದದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಬಂದರಿನಲ್ಲಿ 1934ರಲ್ಲಿ ಹಡಗಿನ ಕೂಲಿಗಳು ಮುಷ್ಕರ ಹೂಡಿದ್ದರು. ಜುಲೈ 5ರಂದು ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಅವರಲ್ಲಿ ಒಬ್ಬ ಗ್ರೀಸ್ ದೇಶದಿಂದ ಬಂದ ಅಡುಗೆಯವ, ನಮ್ಮ ಹಾಗೆ ದೂರದಿಂದ ಹೊಟ್ಟೆಪಾಡಿಗೆ ಬಂದವ. ಅವರ ನೆನಪಿಗೆ ಇವತ್ತಿಗೂ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರು ಜುಲೈ 5ನ್ನು ರಜೆಯ ದಿನವಾಗಿ ಇಟ್ಟುಕೊಂಡಿದ್ದಾರೆ. ಓಕ್‌ಲ್ಯಾಂಡಿನ ದೊಡ್ಡ ಕ್ರೇನುಗಳು ಆ ದಿನ ಸುಮ್ಮನೆ ನಿಂತಿರುವುದನ್ನು 880 ರಸ್ತೆಯಲ್ಲಿ ಹೋಗುವಾಗ ನೋಡಬಹುದು.

ಈಗ ಹೆದರಿಕೆಯ ವಿಷಯಕ್ಕೆ ಬರುವ. "ನಾನು ಎರಡು ವಾರ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ" ಎನ್ನುವವರು ಒಂದು ಬಗೆ. "ನಾನಿಲ್ಲದೆ ಕೆಲಸ ನಡೆದರೆ ನಾನು ಬೇಡ ಎಂದಾಗುತ್ತದೆ" ಎನ್ನುವವರು ಇನ್ನೊಂದು ಬಗೆ. ಇಬ್ಬರಿಗೂ ನಾವು ಬ್ಯಾಂಕಿನ ಉದಾಹರಣೆ ಕೊಡುತ್ತೇವೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಬ್ಯಾಂಕುಗಳ ತವರು. ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಶನ್ ಬ್ಯಾಂಕನ್ನು ಕಟ್ಟಿದವರಲ್ಲಿ ಮುಖ್ಯರು ಹಾಜಿ ಅಬ್ದುಲ್ಲಾ ಸಾಹೇಬರು. ಬ್ಯಾಂಕಿನವರ ಒಂದು ಹಳೆಯ ಅನುಭವ ಏನೆಂದರೆ, ಒಬ್ಬ ಗುಮಾಸ್ತ ವರ್ಷಗಟ್ಟಲೆ ರಜೆಯನ್ನೇ ತೆಗೆದುಕೊಳ್ಳುವುದಿಲ್ಲ ಎಂದಾದರೆ ಅವನ ಪುಸ್ತಕ ಒಮ್ಮೆ ನೋಡಬೇಕು. ಕಳ್ಳ ಲೆಕ್ಕ ಬರೆಯುವವನಿಗೆ ಕುರ್ಚಿ ಬಿಟ್ಟು ಹೋಗಲು ಆಗುವುದಿಲ್ಲ, ಬೇರೆಯವ ಬಂದು ಕೂತರೆ ಬಯಲಾಗುತ್ತದೆ. 2008ರ ಜನವರಿಯಲ್ಲಿ ಫ್ರಾನ್ಸಿನ ಸೊಸಿಯೆತೆ ಜೆನೆರಾಲ್ ಬ್ಯಾಂಕಿನಲ್ಲಿ ಒಬ್ಬ ವ್ಯಾಪಾರಿಯ ಅನಧಿಕೃತ ವ್ಯವಹಾರದಿಂದ 4.9 ಬಿಲಿಯನ್ ಯೂರೊ ನಷ್ಟ ಹೊರಬಿತ್ತು. ಆತ ಹಿಂದಿನ ವರ್ಷ ರಜೆಯನ್ನೇ ಸರಿಯಾಗಿ ತೆಗೆದುಕೊಂಡಿರಲಿಲ್ಲ ಎಂಬುದು ಆಮೇಲೆ ದೊಡ್ಡ ಸುದ್ದಿ. ನಮ್ಮ ರಿಸರ್ವ್ ಬ್ಯಾಂಕ್ ಕೂಡ 2021ರಲ್ಲಿ, ಸೂಕ್ಷ್ಮ ಹುದ್ದೆಯಲ್ಲಿರುವ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ, ಮುಂಚೆ ತಿಳಿಸದೆ ರಜೆಯಲ್ಲಿ ಕಳಿಸಬೇಕೆಂದು ಸೂಚನೆ ಹೊರಡಿಸಿತು. ರಜೆಯನ್ನೇ ತೆಗೆದುಕೊಳ್ಳದ ನೌಕರ ನಿಮ್ಮ ಕಣ್ಣಿಗೆ ನಿಯತ್ತಿನವ. ಆಡಿಟರ ಕಣ್ಣಿಗೆ ಹಾಗಲ್ಲ, ಮಾರಾಯ್ರೆ.

ಹಾಗಾದರೆ ಹೊಸಬರು ಯಾವಾಗ ಕೇಳಬೇಕು? ನಮ್ಮ ಅನುಭವದಲ್ಲಿ, ಸೇರುವ ಮೊದಲು ಆಫರ್ ಪತ್ರಕ್ಕೆ ಸಹಿ ಹಾಕುವಾಗಲೇ ಕೇಳಬೇಕು. ಇಂಥ ತಿಂಗಳು ತಂಗಿಯ ಮದುವೆ ಉಂಟು ಎಂದು ಆಗಲೇ ಹೇಳಿ ಬರೆಸಿಕೊಂಡರೆ ಯಾರೂ ಬೇಸರ ಮಾಡುವುದಿಲ್ಲ. ಸೇರಿದ ಮೇಲೆ ನಿಮ್ಮ ವಿಭಾಗದ ಬಿಸಿ ತಿಂಗಳು ಯಾವುದೆಂದು ತಿಳಿದುಕೊಳ್ಳಿ. ನಮ್ಮಲ್ಲಿ ತೆರಿಗೆಯವರಿಗೆ ಜನವರಿಯಿಂದ ಏಪ್ರಿಲ್ 15ರವರೆಗೆ ತಲೆ ಎತ್ತಲು ಆಗುವುದಿಲ್ಲ, ಉಳಿದ ಲೆಕ್ಕದವರಿಗೆ ಪ್ರತಿ ತಿಂಗಳ ಮೊದಲ ವಾರ ಹಾಗೆ. ಆಗ ರಜೆ ಕೇಳುವುದು ಮದುವೆ ಮನೆಯಲ್ಲಿ ಬಡಿಸುವ ಹೊತ್ತಿಗೆ ಅಡುಗೆಯವ ಮನೆಗೆ ಹೊರಟ ಹಾಗೆ. ಅದು ಬಿಟ್ಟು ಉಳಿದ ದಿನಗಳಲ್ಲಿ, ಎರಡು ತಿಂಗಳು ಮುಂಚಿತವಾಗಿ, ಇಮೇಲಿನಲ್ಲಿ ಕೇಳಿ. ಕ್ಷಮೆ ಕೇಳುವ ಭಾಷೆ ಬೇಡ. ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂದು ಅದರಲ್ಲೇ ಬರೆದರೆ ಅರ್ಧ ಒಪ್ಪಿಗೆ ಸಿಕ್ಕ ಹಾಗೆ.

ಶುಕ್ರವಾರ ಮತ್ತು ಪೆರ್ನಾಲ್ ಬೇರೆ ಮಾತು. ಜುಮಾಕ್ಕೆ ಇಲ್ಲಿ ಹೆಚ್ಚು ಕಷ್ಟ ಇಲ್ಲ. ಸಾಂತಾ ಕ್ಲಾರಾದ ಎಂಸಿಎಯಂಥ ದೊಡ್ಡ ಮಸೀದಿಯಲ್ಲಿ ಜುಮಾ ಒಂದಕ್ಕಿಂತ ಹೆಚ್ಚು ಪಾಳಿಯಲ್ಲಿ ನಡೆಯುತ್ತದೆ, ಊಟದ ಬಿಡುವಿಗೆ ಹೊಂದಿಸಿಕೊಳ್ಳಬಹುದು. ಮೊದಲ ವಾರದಲ್ಲೇ ಕ್ಯಾಲೆಂಡರಿನಲ್ಲಿ ಆ ಹೊತ್ತನ್ನು ಕಟ್ಟಿ ಇಡಿ. ಧರ್ಮಾಚರಣೆಗೆ ಸಮಯ ಹೊಂದಿಸಿ ಕೊಡಬೇಕೆಂದು 1964ರ ನಾಗರಿಕ ಹಕ್ಕು ಕಾಯಿದೆಯ ಅಡಿಯಲ್ಲೇ ನಿಯಮ ಉಂಟು. 2023ರ ಜೂನಿನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. ಆ ಕೇಸು ಹಾಕಿದ್ದು ಭಾನುವಾರ ಕೆಲಸ ಮಾಡುವುದಿಲ್ಲ ಎಂದ ಒಬ್ಬ ಕ್ರೈಸ್ತ ಅಂಚೆ ನೌಕರ, ಉಪಕಾರ ನಮಗೂ ಆಯಿತು. ಪೆರ್ನಾಲಿನ ಕಷ್ಟ ಮಾತ್ರ ಬೇರೆ. "ನಾಳೆ ರಜೆ ಬೇಕು, ಅಥವಾ ನಾಡಿದ್ದು, ಚಂದ್ರ ಕಂಡ ಮೇಲೆ ಹೇಳುತ್ತೇನೆ" ಎಂದು ಮ್ಯಾನೇಜರಿಗೆ ವಿವರಿಸುವುದು ಅಷ್ಟು ಸುಲಭದ್ದಲ್ಲ. ಅದರ ಮೇಲೆ ಇಲ್ಲಿ ಲೆಕ್ಕ ನೋಡಿ ಹಬ್ಬ ಮಾಡುವವರೂ ಉಂಟು, ಚಂದ್ರ ನೋಡಿ ಮಾಡುವವರೂ ಉಂಟು. ಒಂದೇ ಆಫೀಸಿನ ಇಬ್ಬರು ಮುಸ್ಲಿಮರು ಎರಡು ದಿನ ರಜೆ ಹಾಕಿದರೆ ಎಚ್‌ಆರ್‌ನವರಿಗೆ ತಲೆ ತಿರುಗುತ್ತದೆ. ಎರಡೂ ದಿನ ಬರೆದುಕೊಟ್ಟು, ಬೇಡದ ದಿನ ವಾಪಸ್ ತೆಗೆಯುವುದು ನಾವು ಕಂಡುಕೊಂಡ ಉಪಾಯ.

ದೊಡ್ಡ ರಜೆ ಹಾಗಿರಲಿ, ಸಣ್ಣ ರಜೆಯನ್ನು ನಾವು ದಿನಾ ಕಳೆದುಕೊಳ್ಳುತ್ತೇವೆ. ಬೆಂಗಳೂರಿನ ತಂಡದ ಜೊತೆ ಕೆಲಸ ಮಾಡುವವರಿಗೆ ಇಲ್ಲಿ ಬೇಸಿಗೆಯ ರಾತ್ರಿ 9 ಅಂದರೆ ಅಲ್ಲಿ ಮರುದಿನ ಬೆಳಿಗ್ಗೆ 9.30. ಇಲ್ಲಿ ಮಕ್ಕಳು ಮಲಗುವ ಹೊತ್ತು ಅವರ ಮೀಟಿಂಗಿನ ಹೊತ್ತು. ಅದೇ ಹೊತ್ತಿಗೆ ಊರಿನಲ್ಲಿ ಉಮ್ಮ ಚಹಾ ಮುಗಿಸಿ ಫೋನ್ ಹಿಡಿದು ಕೂತಿರುತ್ತಾರೆ. ಮೀಟಿಂಗಿಗೆ ನಾವು ಒಂದು ನಿಮಿಷ ತಡ ಮಾಡುವುದಿಲ್ಲ, ಉಮ್ಮನಿಗೆ "ಆಮೇಲೆ ಮಾಡುತ್ತೇನೆ" ಎನ್ನುತ್ತೇವೆ. ವಾರಕ್ಕೆ ಎರಡು ರಾತ್ರಿಯಾದರೂ ಕರೆ ಇಲ್ಲದ ರಾತ್ರಿ ಎಂದು ತಂಡಕ್ಕೆ ಹೇಳಿ ನೋಡಿ. ಕೇಳಿದವರಿಗೆ ಸಿಕ್ಕಿದ್ದನ್ನು ನಾವು ನೋಡಿದ್ದೇವೆ. ಶನಿವಾರ ಕಾಸ್ಟ್‌ಕೊ, ಬಟ್ಟೆ ಒಗೆಯುವುದು, ಭಾನುವಾರ ಮಕ್ಕಳ ಮದ್ರಸ, ಸಂಜೆ ಯಾರದ್ದೋ ಮನೆಯ ಊಟ, ಹೀಗೆ ವಾರದ ರಜೆ ಮುಗಿದು ಸೋಮವಾರ ಸುಸ್ತಾಗಿ ಆಫೀಸಿಗೆ ಹೋಗುವವರು ನಮ್ಮಲ್ಲಿ ಬಹಳ. ಇದಕ್ಕೆ ನಮ್ಮ ಹತ್ತಿರ ಮದ್ದಿಲ್ಲ. ಮದ್ದು ಗೊತ್ತಿರುವವರು ಊಟದ ಹೊತ್ತಿಗೆ ಹೇಳಿ.

ಇನ್ನು ಒಂದು ಲೆಕ್ಕ ಹೇಳುತ್ತೇವೆ. ಇದನ್ನು ಹೇಳುವುದಕ್ಕೇ ಬಂದದ್ದು. ಊರಿನಲ್ಲಿ ಉಮ್ಮನಿಗೆ 66 ವರ್ಷ ಎಂದಿಟ್ಟುಕೊಳ್ಳಿ. ಆಯುಸ್ಸು ಅಲ್ಲಾಹನ ಕೈಯಲ್ಲಿ, ಲೆಕ್ಕಕ್ಕೆ 80 ಎಂದು ಹಿಡಿಯುವ. ಮಗ ಎರಡು ವರ್ಷಕ್ಕೊಮ್ಮೆ ಎರಡು ವಾರ ರಜೆ ಹಾಕಿ ಬರುತ್ತಾನೆ. 14 ವರ್ಷದಲ್ಲಿ ಏಳು ಸಲ. ಪ್ರತಿ ಸಲ 10 ಕೆಲಸದ ದಿನದ ರಜೆ, ಹಿಂದೆ ಮುಂದೆ ನಡುವಿನ ಶನಿವಾರ ಭಾನುವಾರ ಸೇರಿ 16 ದಿನ. ಇಲ್ಲಿಂದ ದುಬೈಗೆ ಹದಿನಾರು ಗಂಟೆಯ ಹತ್ತಿರ, ಅಲ್ಲಿ ಕಾದು ಮತ್ತೆ ಮಂಗಳೂರಿಗೆ. ಹೋಗುವುದಕ್ಕೂ ಬರುವುದಕ್ಕೂ ಕೂಡಿ ನಾಲ್ಕು ದಿನ ಕಳೆಯಿರಿ, ಉಳಿದದ್ದು 12. ಮದುವೆ, ಸಾವಿನ ಮನೆ, ಬ್ಯಾಂಕು, ಜಾಗದ ಕಾಗದ, ಹೆಂಡತಿಯ ತವರು ಎಂದು ಐದು ದಿನ ಕಳೆಯಿರಿ. ಉಳಿದದ್ದು ಏಳು. ಏಳು ಸಲ ಏಳು ದಿನ, 49. ಹದಿನಾಲ್ಕು ವರ್ಷ ಎಂದು ನಾವು ತಿಳಿದುಕೊಂಡದ್ದು ಎರಡು ತಿಂಗಳೂ ಇಲ್ಲ.

ಅದೇ ಮಗ ವರ್ಷಕ್ಕೊಮ್ಮೆ ಹೋದರೆ, 15 ಕೆಲಸದ ದಿನ ಒಟ್ಟಿಗೆ ತೆಗೆದುಕೊಂಡರೆ? ಶನಿವಾರ ಭಾನುವಾರ ಸೇರಿ 23 ದಿನ. ಪ್ರಯಾಣದ ನಾಲ್ಕು, ಊರ ಕೆಲಸದ ಐದು ಕಳೆದರೆ 14. ಹದಿನಾಲ್ಕು ಸಲ ಹದಿನಾಲ್ಕು ದಿನ, 196. ನಾಲ್ಕು ಪಟ್ಟು. ಟಿಕೆಟಿಗೆ ಹಣ ಬೇಕು, ನಿಜ. ಮಕ್ಕಳ ಶಾಲೆಯ ರಜೆ ಹೊಂದಬೇಕು, ಅದೂ ನಿಜ. ಒಂದು ವರ್ಷ ಒಬ್ಬರೇ ಹೋಗಿ, ಇನ್ನೊಂದು ವರ್ಷ ಎಲ್ಲರೂ ಹೋಗುವವರು ಇದ್ದಾರೆ. ಉಮ್ಮ ಉಪ್ಪನನ್ನು ಇಲ್ಲಿಗೇ ಕರೆಸಿಕೊಳ್ಳುವವರೂ ಇದ್ದಾರೆ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಆದರೆ ಅವರು ಬಂದಾಗಲೂ ರಜೆ ಹಾಕಬೇಕು. ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿ ಹೋಗಿ ಸಂಜೆ ಏಳಕ್ಕೆ ಬಂದರೆ, ಬಂದವರು ಫ್ರೀಮಾಂಟಿನ ಅಪಾರ್ಟ್‌ಮೆಂಟಿನ ಕಿಟಕಿ ನೋಡಿಕೊಂಡು ಕೂರುತ್ತಾರೆ, ಅಷ್ಟೆ.

ಊರಿಗೆ ಹೋಗುವ ಮೊದಲು ಪಾಸ್‌ಪೋರ್ಟಿನ ವೀಸಾ ಮುದ್ರೆಯ ದಿನಾಂಕ ನೋಡಿ. ಇಲ್ಲಿ ಇರಲು ಕಾಗದ ಸರಿ ಇದ್ದರೂ, ಮುದ್ರೆ ಮುಗಿದಿದ್ದರೆ ವಾಪಸ್ ಬರುವ ಮೊದಲು ಚೆನ್ನೈ, ಹೈದರಾಬಾದ್, ಮುಂಬಯಿಯಂಥ ಕಡೆ ಕಾನ್ಸುಲೇಟಿಗೆ ಹೋಗಬೇಕು. 2025ರ ಡಿಸೆಂಬರಿನಲ್ಲಿ ಎಚ್-1ಬಿಯವರ ಸಂದರ್ಶನದ ದಿನಗಳನ್ನು ತಿಂಗಳುಗಟ್ಟಲೆ ಮುಂದೆ ಹಾಕಿದಾಗ, ಎರಡು ಮೂರು ವಾರದ ರಜೆಗೆ ಹೋದ ಎಷ್ಟೋ ಭಾರತೀಯರು ಊರಿನಲ್ಲೇ ಸಿಕ್ಕಿಬಿದ್ದರು. ಮುದ್ರೆ ಮುಗಿಯುವ ಮೊದಲೇ ಹೋಗಿ ಬರುವಂತೆ ರಜೆ ಹೊಂದಿಸಿಕೊಳ್ಳಿ. ಗೊತ್ತಿಲ್ಲದಿದ್ದರೆ ವಕೀಲರನ್ನು ಕೇಳಿ, ವಾಟ್ಸಾಪ್ ಗ್ರೂಪನ್ನು ಕೇಳಬೇಡಿ.

ಕೆಟ್ಟ ಸುದ್ದಿ ಬರುವ ಫೋನು ಎಲ್ಲರಿಗೂ ಒಂದು ದಿನ ಬರುತ್ತದೆ. ಆ ಹೊತ್ತಿಗೆ ಕಾನೂನು ಹುಡುಕಲು ಆಗುವುದಿಲ್ಲ, ಈಗಲೇ ಕೇಳಿಟ್ಟುಕೊಳ್ಳಿ. 2023ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಐದು ಅಥವಾ ಹೆಚ್ಚು ಜನ ಇರುವ ಕಂಪನಿ, ನೌಕರನ ತಂದೆ, ತಾಯಿ, ಅತ್ತೆ ಮಾವ, ಗಂಡ ಅಥವಾ ಹೆಂಡತಿ, ಮಗು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಗು ತೀರಿಕೊಂಡರೆ ಐದು ದಿನ ರಜೆ ಕೊಡಬೇಕು. ಸೇರಿ 30 ದಿನ ಆದವರಿಗೆಲ್ಲ ಇದು ಉಂಟು. ಸಂಬಳ ಕೊಡಲೇಬೇಕೆಂದಿಲ್ಲ, ಆದರೆ ನಿಮ್ಮ ಜಮೆಯ ರಜೆಯನ್ನು ಅದಕ್ಕೆ ಉಪಯೋಗಿಸಬಹುದು. ತಂದೆ ತಾಯಿಯ ಗಂಭೀರ ಕಾಯಿಲೆಗೆ 12 ವಾರದವರೆಗೆ, ಕೆಲಸ ಉಳಿಸಿಕೊಂಡು ಹೋಗುವ ರಜೆ ಬೇರೆ ಉಂಟು. ಅದಕ್ಕೆ ಸಂಬಳ ಇಲ್ಲ, ಮತ್ತು ಅದೇ ಕಂಪನಿಯಲ್ಲಿ 12 ತಿಂಗಳು, 1,250 ಗಂಟೆ ದುಡಿದಿರಬೇಕು. ಮೊದಲ ವರ್ಷದವರಿಗೆ ಸಿಗುವುದಿಲ್ಲ. ಆದ್ದರಿಂದಲೇ ಹೊಸಬರಿಗೆ ನಾವು ಹೇಳುವುದು: ಮೊದಲ ವರ್ಷ ಜಮೆಯಲ್ಲಿ ಐದು ದಿನವನ್ನಾದರೂ ಮುಟ್ಟದೆ ಇಡಿ. ಉಳಿದದ್ದನ್ನು ತೆಗೆದುಕೊಳ್ಳಿ.

ಈ ಮಾತು ಪತ್ರಿಕೆಯಲ್ಲಿ ಬರುವುದರಿಂದ ಗಲ್ಫಿನಲ್ಲಿರುವ ಸಹೋದರರಿಗೂ ಎರಡು ಮಾತು. ಕಾಗದದಲ್ಲಿ ನಿಮ್ಮ ರಜೆ ನಮ್ಮದಕ್ಕಿಂತ ಒಳ್ಳೆಯದು. ಯುಎಇಯಲ್ಲಿ ವರ್ಷ ತುಂಬಿದವರಿಗೆ 30 ದಿನ, ಆರು ತಿಂಗಳು ದಾಟಿ ವರ್ಷ ತುಂಬದವರಿಗೆ ತಿಂಗಳಿಗೆ ಎರಡು ದಿನ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ರಜೆ ತಡೆಹಿಡಿಯುವ ಹಾಗಿಲ್ಲ. ಸೌದಿಯಲ್ಲಿ 21 ದಿನ, ಐದು ವರ್ಷದ ಮೇಲೆ 30. ಕತಾರಿನಲ್ಲಿ ಮೂರು ವಾರ, ಐದು ವರ್ಷದ ಮೇಲೆ ನಾಲ್ಕು. ಮನೆಕೆಲಸದವರಿಗೆ ನಿಯಮ ಬೇರೆ. ಯುಎಇಯಲ್ಲಿ ಕೆಲಸ ಬಿಡುವಾಗ ಉಳಿದ ರಜೆಯ ಹಣವನ್ನು ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಾರೆ. ಆದ್ದರಿಂದ ಕೈಗೆ ಬರುವ ಒಟ್ಟು ಸಂಬಳ ನೋಡಿ ಖುಷಿಪಡುವ ಮೊದಲು, ಕಾಂಟ್ರಾಕ್ಟಿನಲ್ಲಿ ಬೇಸಿಕ್ ಎಷ್ಟು ಎಂದು ನೋಡಿ. ಅಲವೆನ್ಸನ್ನು ದೊಡ್ಡದು ಮಾಡಿ ಬೇಸಿಕ್ಕನ್ನು ಸಣ್ಣದು ಮಾಡುವುದು ಲೆಕ್ಕದವರಿಗೆ ಗೊತ್ತಿರುವ ಹಳೆಯ ವಿದ್ಯೆ.

ಮನೆಯಲ್ಲಿರುವ ಹೆಂಗಸರಿಗೂ ಒಂದು ಕೋರಿಕೆ. ಮಗನೋ ಗಂಡನೋ ರಜೆಯಲ್ಲಿ ಬರುವಾಗ ಕೆಲಸದ ಪಟ್ಟಿ ತಯಾರು ಮಾಡಿ ಇಡಬೇಡಿ. ಆ ಜಾಗದ ಕಾಗದ ಇನ್ನೊಂದು ತಿಂಗಳು ಕಾಯುತ್ತದೆ. ಬಂದವನು ಮೊದಲ ಎರಡು ದಿನ ಮಲಗಲಿ, ಜಗಲಿಯಲ್ಲಿ ಸುಮ್ಮನೆ ಕೂರಲಿ.

ನಮಗೆ ಕೊಟ್ಟ ಸಮಯ ಮುಗಿಯಿತು. ಸಂಬಳದ ಚೀಟಿ ಅರ್ಥ ಆಗದವರು ಫೋನಿನಲ್ಲಿ ತೆರೆದು ಇಟ್ಟುಕೊಂಡು ಆ ಮೂಲೆಯ ಮೇಜಿಗೆ ಬನ್ನಿ, ಚಹಾ ಕುಡಿಯುತ್ತಾ ಒಟ್ಟಿಗೆ ನೋಡುವ.